ಕಟ್ ಹಾಡಿನೊಳಗಿಂದ ಹುಟ್ಟಬೇಕು: ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೋಗೆ ಒಂದು ಮಾರ್ಗದರ್ಶಿ

ಪತ್ರಿಕೋದ್ಯಮ, ವಿಶುವಲ್ ಕಮ್ಯುನಿಕೇಶನ್ ಓದುವ ಮಕ್ಕಳಿಗೆ ಕೊನೆಯ ಸೆಮಿಸ್ಟರ್ ಬಂತೆಂದರೆ ಮ್ಯೂಸಿಕ್ ವಿಡಿಯೋ ಮಾಡುವ ಸುಗ್ಗಿ. ಹುರುಪಿನಿಂದ ಮಾಡುತ್ತಾರೆ, ರಾತ್ರಿಯೆಲ್ಲ ಎಡಿಟಿಂಗ್‌ಗೆ ಕೂರುತ್ತಾರೆ. ಆದರೂ ಕೈಗೆ ಬರುವ ವಿಡಿಯೋಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಡ್ರೋನ್‌ನಲ್ಲಿ ಬೆಟ್ಟ, ಸ್ಲೋ ಮೋಷನ್‌ನಲ್ಲಿ ನಡೆದು ಬರುವ ಹುಡುಗ, ಬೀಟ್ ಬಿದ್ದಲ್ಲೆಲ್ಲ ಒಂದು ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ), ನಡುವೆ ಊರಿನ ಅಜ್ಜಿಯೊಬ್ಬರ ಸುಕ್ಕುಗಟ್ಟಿದ ಮುಖ ಎರಡು ಸೆಕೆಂಡು. ಪ್ರತಿಭೆ ಇಲ್ಲದ್ದಕ್ಕೆ ಹೀಗಾಗುತ್ತಿಲ್ಲ. ಎಲ್ಲರೂ ಒಂದೇ ಬಾವಿಯಿಂದ ನೀರು ಸೇದುತ್ತಿದ್ದಾರೆ, ಆ ಬಾವಿ ಫೋನಿನಲ್ಲಿದೆ.

ಸ್ಫೂರ್ತಿಯನ್ನು ಬೇರೆ ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬಹುದು ಎಂಬುದು ಈ ಲೇಖನದ ವಿಷಯ. ಅದಕ್ಕೂ ಮುಂಚೆ ನಾನು ಗಟ್ಟಿಯಾಗಿ ನಂಬಿರುವ ಒಂದು ಮಾತು ಹೇಳಬೇಕು. ಸಿಲಬಸ್ಸಿನಲ್ಲಿ ಎಡಿಟಿಂಗ್ ಒಂದು ಘಟಕ, ಜನರ ಚಿತ್ರಣ ಇನ್ನೊಂದು ಘಟಕ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಮುಂದೆ ಕೂತಾಗ ಎರಡೂ ಒಂದೇ ಕೆಲಸ. ಯಾರ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ, ಯಾರ ಕೆಲಸ ಮುಗಿಯುವ ಮೊದಲೇ ಕತ್ತರಿ ಹಾಕುತ್ತೀರಿ, ಯಾರ ನಂತರ ಯಾರನ್ನು ಜೋಡಿಸುತ್ತೀರಿ ಎಂಬುದರಲ್ಲೇ ಆ ಮನುಷ್ಯರು ನೋಡುಗರಿಗೆ ಯಾರಾಗಿ ಕಾಣುತ್ತಾರೆ ಎಂಬುದು ತೀರ್ಮಾನವಾಗುತ್ತದೆ.

ಉದಾಹರಣೆಗೆ ಒಂದು ಹಾಡನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ: ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’. ಕನ್ನಡ ಬಲ್ಲ ಎಲ್ಲರಿಗೂ ಗೊತ್ತಿರುವ ತತ್ವಪದ. ವಿಡಿಯೋ ಮಾಡುವವರಿಗೆ ಇದು ಸವಾಲೂ ಹೌದು, ನಿಧಿಯೂ ಹೌದು.

ಮೊದಲ ಹೆಜ್ಜೆ: ಹಾಡಿನ ಹಕ್ಕು ಯಾರದು?

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ. ಭಾರತದಲ್ಲಿ ಸಾಹಿತ್ಯದ ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು, ಹಾಗಾಗಿ ಅವರ ಸಾಹಿತ್ಯ ಎಲ್ಲರಿಗೂ ಮುಕ್ತ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಸಾಹಿತ್ಯ ಮುಕ್ತವಾದ ಮಾತ್ರಕ್ಕೆ ನೀವು ಕ್ಯಾಸೆಟ್ಟಿನಲ್ಲೋ ಯೂಟ್ಯೂಬಿನಲ್ಲೋ ಕೇಳಿದ ಹಾಡು ಮುಕ್ತವಾಗುವುದಿಲ್ಲ. ಸಿ. ಅಶ್ವಥ್ ಅವರು ಕಟ್ಟಿದ ರಾಗಸಂಯೋಜನೆಗೆ ಬೇರೆ ಹಕ್ಕಿದೆ, ಆ ಧ್ವನಿಮುದ್ರಣಕ್ಕೆ ಇನ್ನೊಂದು ಹಕ್ಕಿದೆ.

ದಾರಿ ಸರಳ. ನಿಮ್ಮೂರಿನ ಭಜನಾ ಮೇಳದವರಿಂದ ಅವರದೇ ಧಾಟಿಯಲ್ಲಿ ಹಾಡಿಸಿ ರೆಕಾರ್ಡ್ ಮಾಡಿಕೊಳ್ಳಿ. ಹಾಡುವವರಿಗೂ ಅವರ ಹಾಡಿಕೆಯ ಮೇಲೆ ಹಕ್ಕಿದೆ, ಆದ್ದರಿಂದ ಕೈಲಾದ ಗೌರವಧನ ಕೊಟ್ಟು ಒಂದು ಪುಟದ ಒಪ್ಪಿಗೆಪತ್ರ ಬರೆಸಿಕೊಳ್ಳಿ. ಏಕತಾರಿ, ಪೇಟಿ, ತಬಲಾ, ತಾಳ ಇಷ್ಟರಲ್ಲೇ ಮುಗಿಯುವ ಆ ಹಾಡಿಕೆಗೆ ಯಾವ ಸ್ಟುಡಿಯೋ ಟ್ರ್ಯಾಕೂ ಕೊಡಲಾಗದ ಉಸಿರಿರುತ್ತದೆ.

ಎರಡನೆಯ ಹೆಜ್ಜೆ: ಚಿತ್ರ ನೋಡುವ ಮೊದಲು ಸದ್ದು ಕೇಳಿ

ಒಂದು ವಾರ ಯಾವ ಮ್ಯೂಸಿಕ್ ವಿಡಿಯೋವನ್ನೂ ನೋಡಬೇಡಿ. ಇಯರ್‌ಫೋನ್ ಹಾಕಿಕೊಂಡು ನಿಮ್ಮ ಹಾಡನ್ನಷ್ಟೇ ಕೇಳಿ. ಒಂದು ಉದ್ದದ ಹಾಳೆಯನ್ನು ಅಡ್ಡಲಾಗಿಟ್ಟು, ಎಡದಿಂದ ಬಲಕ್ಕೆ ಕಾಲದ ಗೆರೆ ಎಳೆದುಕೊಳ್ಳಿ. ಏಕತಾರಿ ಒಂದೇ ಮೀಟುವುದು ಎಷ್ಟನೇ ಸೆಕೆಂಡಿನವರೆಗೆ? ತಾಳ ಎಲ್ಲಿ ಸೇರಿಕೊಂಡಿತು? ಹಿಮ್ಮೇಳದವರು ಸಾಲನ್ನು ಎತ್ತಿಕೊಳ್ಳುವ ಮುನ್ನ ಮುಖ್ಯ ಗಾಯಕರು ಉಸಿರು ಎಳೆದುಕೊಂಡ ಸದ್ದು ಕೇಳಿಸುತ್ತದೆಯೇ? ಯಾರೋ ಕೆಮ್ಮಿದ್ದು, ಯಾರೋ ‘ಆಹಾ’ ಅಂದದ್ದು? ಎಲ್ಲವನ್ನೂ ಗುರುತು ಹಾಕಿ. ಮುಂದೆ ನಿಮ್ಮ ಕಟ್‌ಗಳಲ್ಲಿ ಒಳ್ಳೆಯವು ಬೀಟ್‌ಗಿಂತ ಹೆಚ್ಚಾಗಿ ಇಂಥ ಉಸಿರಿನ ಜಾಗಗಳಲ್ಲಿ ಸಿಗುತ್ತವೆ.

ಭಜನಾ ಮೇಳದ ಹಾಡಿಕೆಯಲ್ಲಿ ಲಯ ಏರುತ್ತ ಹೋಗುವುದು ಸಹಜ. ಒಂದೇ ವೇಗದಲ್ಲಿ ತಾಳ ಹಾಕುವ ಮೆಟ್ರೊನೋಮ್ ಯಂತ್ರ ಇಟ್ಟು ಹಾಡಿದ್ದಲ್ಲವಲ್ಲ. ಆದ್ದರಿಂದ ಸಾಫ್ಟ್‌ವೇರ್ ತಾನೇ ಬೀಟ್ ಹುಡುಕಿ ಕೊಡುವ ಸೌಲಭ್ಯವನ್ನು ನೆಚ್ಚಬೇಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಪ್ರೀಮಿಯರ್‌ನಲ್ಲೂ ಹಾಡು ಓಡುತ್ತಿರುವಾಗಲೇ ಎಂ ಕೀ ಒತ್ತಿದರೆ ಟೈಮ್‌ಲೈನ್ ಮೇಲೆ ಮಾರ್ಕರ್ ಬೀಳುತ್ತದೆ. ಕೈಯಲ್ಲಿ ತಾಳ ಹಾಕುತ್ತ ಕೂತಂತೆ ಇಡೀ ಹಾಡಿಗೆ ನೀವೇ ಮಾರ್ಕರ್ ಹಾಕಿ. ಹಾಗೆ ಹಾಕಿದ ಹಾಡು ನಿಮ್ಮ ಬೆರಳುಗಳಿಗೆ ಬಾಯಿಪಾಠವಾಗಿರುತ್ತದೆ.

ಮೂರನೆಯ ಹೆಜ್ಜೆ: ಸಾಲಿಗೂ ಚಿತ್ರಕ್ಕೂ ಇರುವ ನಂಟು

ಮ್ಯೂಸಿಕ್ ವಿಡಿಯೋಗಳ ಬಗ್ಗೆ ಬರೆದ ಆಂಡ್ರ್ಯೂ ಗುಡ್ವಿನ್ 1992ರಲ್ಲಿ ಮೂರು ಬಗೆಯ ನಂಟನ್ನು ಗುರುತಿಸಿದರು. ಸಾಲಿನಲ್ಲಿ ಇರುವುದನ್ನೇ ತೋರಿಸುವುದು ಒಂದು. ಸಾಲಿಗೆ ಹೊಸ ಅರ್ಥ ಸೇರಿಸಿ ಬೆಳೆಸುವುದು ಇನ್ನೊಂದು. ಸಾಲಿಗೆ ಸಂಬಂಧವೇ ಇಲ್ಲದ್ದನ್ನೋ ವಿರುದ್ಧವಾದದ್ದನ್ನೋ ತೋರಿಸುವುದು ಮೂರನೆಯದು. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಕೆಲಸಕ್ಕೆ ಇನ್ನೂ ಹತ್ತಿರದ ಗುರು ಬೇಕಿದ್ದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಗೆ ಒಮ್ಮೆ ಹೋಗಿ ಕೂರಿ. ಭಾಗವತರು ನಾಲ್ಕು ಸಾಲಿನ ಪದ್ಯ ಹೇಳುತ್ತಾರೆ, ಅರ್ಥಧಾರಿ ಅದೇ ಪದ್ಯವನ್ನು ಹಿಡಿದು ಪದ್ಯದಲ್ಲಿ ಇಲ್ಲದ ಲೋಕವನ್ನೇ ಬಿಚ್ಚುತ್ತಾನೆ. ಪದ್ಯವನ್ನು ಗದ್ಯ ಮಾಡಿ ಹೇಳಿ ಸುಮ್ಮನಾದರೆ ಸಭೆ ಒಪ್ಪುವುದಿಲ್ಲ. ಪದ್ಯವನ್ನು ಬಿಟ್ಟು ಎಲ್ಲೋ ಹೋದರೂ ಒಪ್ಪುವುದಿಲ್ಲ. ನಿಮ್ಮ ಕ್ಯಾಮೆರಾಗೂ ಅದೇ ಕೆಲಸ.

ಶರೀಫರ ಹಾಡಿನಲ್ಲಿ ಮೊದಲನೆಯ ಬಗೆಗೆ ಜಾಗ ಬಹಳ ಕಡಿಮೆ. ಗ್ರಾಫಿಕ್ಸ್ ಬಳಸಿ ಕೋಳಿ ಕೋತಿಯನ್ನು ನುಂಗುವುದನ್ನು ತೋರಿಸಿದರೆ ಮಕ್ಕಳ ಕಾರ್ಟೂನ್ ಆಗುತ್ತದೆ, ತತ್ವಪದ ಸತ್ತುಹೋಗುತ್ತದೆ. ಹಾಗಾದರೆ ಹಾಡಿನಲ್ಲಿ ಚಿತ್ರವಾಗಬಲ್ಲದ್ದು ಯಾವುದು? ಹಾಳೆಯ ಮೇಲೆ ನಾಮಪದಗಳನ್ನು ಒಂದು ಕಡೆ, ಕ್ರಿಯಾಪದಗಳನ್ನು ಇನ್ನೊಂದು ಕಡೆ ಬರೆದು ನೋಡಿ. ನಾಮಪದಗಳು ಸಾಲುಗಟ್ಟಿ ಬರುತ್ತವೆ: ಆಡು, ಆನೆ, ಗೋಡೆ, ಸುಣ್ಣ, ಮದ್ದಲೆ, ಒಳ್ಳು, ಒನಕೆ, ಮಗ್ಗ, ಲಾಳಿ. ಸಾಲು ಸಾಲಿಗೂ ಮರಳಿ ಬರುವ ಕ್ರಿಯಾಪದ ಮಾತ್ರ ಒಂದೇ: ನುಂಗು. ಚಿಕ್ಕದು ದೊಡ್ಡದನ್ನು, ಮಾಡಿದ್ದು ಮಾಡಿದವರನ್ನು ನುಂಗುತ್ತ ಹೋಗಿ, ಕೊನೆಗೆ ಗುರು ಗೋವಿಂದನ ಪಾದ ಹಾಡುವವನನ್ನೇ ನುಂಗಿಬಿಡುತ್ತದೆ. ಈ ಒಂದು ಕ್ರಿಯಾಪದವೇ ನಿಮ್ಮ ಎಡಿಟಿಂಗ್‌ನ ವ್ಯಾಕರಣವಾಗಬಹುದು. ಹೇಗೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಯಾವ ಹಾಡನ್ನೇ ತೆಗೆದುಕೊಳ್ಳಿ, ನಾಮಪದ ನೋಡಿ ಲೊಕೇಶನ್ ಹುಡುಕುವ ಬದಲು ಕ್ರಿಯಾಪದ ನೋಡಿ ಕಟ್ ಹುಡುಕಿ.

ನಾಲ್ಕನೆಯ ಹೆಜ್ಜೆ: ಈಗ ಬೇರೆಯವರ ವಿಡಿಯೋ ನೋಡಿ, ಫ್ರೇಮ್ ಫ್ರೇಮಾಗಿ

ಮೂರೇ ಮೂರು ವಿಡಿಯೋ ಆರಿಸಿಕೊಳ್ಳಿ. ಮೂವತ್ತನ್ನು ಮೇಲಿಂದ ಮೇಲೆ ನೋಡಿದರೆ ಮನಸ್ಸಿನಲ್ಲಿ ಉಳಿಯುವುದು ಬಣ್ಣ ಮತ್ತು ಬಟ್ಟೆ ಮಾತ್ರ. ಯೂಟ್ಯೂಬ್‌ನಲ್ಲಿ ವಿಡಿಯೋ ನಿಲ್ಲಿಸಿ ಕೀಬೋರ್ಡಿನ ಫುಲ್‌ಸ್ಟಾಪ್ ಒತ್ತಿದರೆ ಒಂದು ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಮುಂದೆ, ಕಾಮಾ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ಮೊದಲ ಸಲ ಸದ್ದು ತೆಗೆದು ನೋಡಿ. ಎರಡನೆಯ ಸಲ ಚಿತ್ರ ನೋಡದೆ ಕೇಳಿ. ಮೂರನೆಯ ಸಲ ಹತ್ತು ಕಟ್‌ಗಳನ್ನು ಆರಿಸಿ, ಪ್ರತಿಯೊಂದಕ್ಕೂ ‘ಇಲ್ಲಿಯೇ ಏಕೆ?’ ಎಂದು ಒಂದೊಂದು ಸಾಲು ಬರೆಯಿರಿ. ‘ಚೆನ್ನಾಗಿದೆ’ ಅಂತ ಬರೆದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ.

ನಾನು ಮಕ್ಕಳಿಗೆ ಸೂಚಿಸುವ ಮೂರು ವಿಡಿಯೋ ಇವು, ಕಾರಣ ಸಮೇತ.

ಕೆಮಿಕಲ್ ಬ್ರದರ್ಸ್ ತಂಡದ ‘ಸ್ಟಾರ್ ಗಿಟಾರ್’ಗೆ ಮಿಶೆಲ್ ಗೊಂಡ್ರಿ ಮಾಡಿದ 2002ರ ವಿಡಿಯೋದಲ್ಲಿ ಒಬ್ಬ ಮನುಷ್ಯನ ಕಥೆಯೂ ಇಲ್ಲ, ಕಣ್ಣಿಗೆ ಕಾಣುವ ಕಟ್ಟೂ ಇಲ್ಲ. ರೈಲಿನ ಕಿಟಕಿಯಾಚೆ ಹಾದುಹೋಗುವ ಕಂಬ, ಕಟ್ಟಡ, ಸೇತುವೆಗಳೇ ಹಾಡಿನ ಒಂದೊಂದು ಸದ್ದಿಗೆ ತಾಳೆಯಾಗುತ್ತವೆ. ಲಯವನ್ನು ಕತ್ತರಿಯಿಂದಲೇ ತೋರಿಸಬೇಕಿಲ್ಲ, ಚೌಕಟ್ಟಿನೊಳಗಿನ ವಸ್ತುವೂ ತಾಳ ಹಾಕಬಲ್ಲದು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

2024ರ ‘ಬಿಗ್ ಡಾಗ್ಸ್’ ವಿಡಿಯೋವನ್ನು ಬಿಜಾಯ್ ಶೆಟ್ಟಿ ಕೇರಳದ ಪೊನ್ನಾನಿಯಲ್ಲಿ, ಬೈಕು ಕಾರುಗಳು ಮರದ ಗೋಡೆಯ ಮೇಲೆ ಸುತ್ತುವ ಜಾತ್ರೆಯ ಬಾವಿಯೊಳಗೆ ಚಿತ್ರಿಸಿದರು. ಹಾಡಿದ ಹನುಮಾನ್‌ಕೈಂಡ್ ಬೆಂಗಳೂರಿನ ರ‍್ಯಾಪ್ ಬಳಗದಿಂದ ಬಂದವರು. ಆ ಜಾಗದ ಸುತ್ತುವಿಕೆಯೇ ಎಡಿಟಿಂಗ್‌ನ ವೇಗವನ್ನು ತೀರ್ಮಾನಿಸುವುದನ್ನು ಗಮನಿಸಿ. ಎಲ್ಲರೂ ನೋಡಿದ್ದ, ಹಾಡಿಗೆ ಅಪರೂಪವಾಗಿ ಬಂದ ಜಾಗ ಅದು. ನಿಮ್ಮೂರಿನ ಜಾತ್ರೆಯಲ್ಲೂ, ಸಂತೆಯಲ್ಲೂ, ಎಪಿಎಂಸಿ ಯಾರ್ಡಿನಲ್ಲೂ ಅಂಥದ್ದೊಂದು ಚಲನೆ ಕಾದಿರುತ್ತದೆ.

ಚಿತ್ರಣದ ಪಾಠಕ್ಕೆ ತಮಿಳಿನ ‘ಎಂಜಾಯ್ ಎಂಜಾಮಿ’, 2021. ಗೀತರಚನೆಕಾರ ಅರಿವು ತಮ್ಮ ಅಜ್ಜಿ ವಳ್ಳಿಯಮ್ಮಾಳ್ ಅವರ ಬದುಕಿನಿಂದ, ದುಡಿದ ನೆಲ ತಮ್ಮದಾಗದೇ ಹೋದವರ ಕಥೆಯಿಂದ ಆ ಹಾಡನ್ನು ಎತ್ತಿಕೊಂಡರು. ನಿರ್ದೇಶಕ ಅಮಿತ್ ಕೃಷ್ಣನ್. ನೆಲವಿಲ್ಲದವರನ್ನು ಕರುಣೆಯ ಬೆಳಕಿನಲ್ಲಿ ನಿಲ್ಲಿಸುವ ಅಭ್ಯಾಸವನ್ನು ಆ ವಿಡಿಯೋ ಮುರಿಯುತ್ತದೆ. ಅಲ್ಲಿ ಅವರಿಗೆ ಹಬ್ಬವಿದೆ, ಗತ್ತಿದೆ, ಒಡೆತನದ ನಿಲುವಿದೆ. ಯಾವ ಎತ್ತರದಿಂದ ಕ್ಯಾಮೆರಾ ನೋಡುತ್ತಿದೆ, ಮುಖಗಳು ಎಷ್ಟು ಹೊತ್ತು ನಮ್ಮನ್ನು ನೇರವಾಗಿ ನೋಡುತ್ತವೆ ಎಂದು ಎಣಿಸಿಕೊಳ್ಳಿ.

ಮೂರರಿಂದಲೂ ತತ್ವ ತೆಗೆದುಕೊಳ್ಳಿ, ಶಾಟ್ ತೆಗೆದುಕೊಳ್ಳಬೇಡಿ. ‘ಆ ವಿಡಿಯೋದಲ್ಲಿ ರೈಲಿನ ಕಿಟಕಿ ಇತ್ತು, ನಮ್ಮದರಲ್ಲೂ ಇರಲಿ’ ಅಂದರೆ ನಕಲು. ‘ಹಾದುಹೋಗುವ ವಸ್ತು ತಾಳ ಹಾಕುತ್ತದೆ, ನಮ್ಮ ಹಾಡಿನಲ್ಲಿ ಅತ್ತಿಂದಿತ್ತ ಹೋಗುವುದು ಮಗ್ಗದ ಲಾಳಿ’ ಎಂದು ಹೊಳೆದರೆ ಅದು ನಿಮ್ಮದು.

ಐದನೆಯ ಹೆಜ್ಜೆ: ನಮ್ಮ ತಾಳ, ನಮ್ಮ ತೆರೆ

ವಿದ್ಯಾರ್ಥಿಗಳ ರೆಫರೆನ್ಸ್ ಪಟ್ಟಿಯಲ್ಲಿ ನಾನು ಎಂದೂ ಕಾಣದ, ಆದರೆ ಕಾಣಬಯಸುವ ಸಂಗತಿಗಳು ಇಲ್ಲಿವೆ.

ಬೀಟ್ ಮೇಲೆಯೇ ಕಟ್ ಮಾಡಬೇಕೆಂಬ ನಂಬಿಕೆಯನ್ನು ಸಡಿಲಿಸಲು ಕರ್ನಾಟಕ ಸಂಗೀತದ ಕಡೆ ನೋಡಿ. ಅಲ್ಲಿ ಹಾಡು ತಾಳದ ಜೊತೆಗೇ ಶುರುವಾದರೆ ಸಮಗ್ರಹ. ತಾಳಕ್ಕಿಂತ ಮುಂಚೆಯೇ ಎತ್ತಿಕೊಂಡರೆ ಅತೀತ, ತಾಳ ಬಿದ್ದ ಮೇಲೆ ಎತ್ತಿಕೊಂಡರೆ ಅನಾಗತ. ಕಟ್‌ಗೂ ಈ ಮೂರು ಜಾಗಗಳಿವೆ. ಬೀಟ್‌ಗಿಂತ ಮೂರು ಫ್ರೇಮ್ ಮೊದಲು ಕಟ್ ಮಾಡಿದರೆ ಹೊಸ ಚಿತ್ರ ನೋಡುಗರ ಕಣ್ಣಿಗೆ ನೆಲೆ ನಿಲ್ಲುವ ಹೊತ್ತಿಗೆ ಸರಿಯಾಗಿ ಪೆಟ್ಟು ಬೀಳುತ್ತದೆ, ಕಟ್ ಹಗುರವಾಗುತ್ತದೆ. ಬೀಟ್ ಆದ ಮೇಲೆ ಎರಡು ಮೂರು ಫ್ರೇಮ್ ತಡೆದು ಕಟ್ ಮಾಡಿದರೆ ಒಂದು ಬಗೆಯ ಭಾರ, ಹಿಂಜರಿಕೆ ಬರುತ್ತದೆ. ಒಂದೇ ಜೋಡಿ ಶಾಟ್‌ಗಳನ್ನು ಮೂರೂ ಬಗೆಯಲ್ಲಿ ಜೋಡಿಸಿ ಗೆಳೆಯರಿಗೆ ತೋರಿಸಿ. ಕಾರಣ ಹೇಳಲು ಬರದಿದ್ದರೂ ವ್ಯತ್ಯಾಸ ಎಲ್ಲರಿಗೂ ತಿಳಿಯುತ್ತದೆ.

ಹಾಲಿವುಡ್‌ನ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಮಾನದಂಡ ಕೊಟ್ಟು ಭಾವಕ್ಕೆ ಶೇ 51, ಕಥೆಗೆ ಶೇ 23, ಲಯಕ್ಕೆ ಶೇ 10ರ ತೂಕ ಇಟ್ಟರು. ಆ ಲೆಕ್ಕ ಕಥಾಚಿತ್ರಗಳಿಗೆ ಹೇಳಿದ್ದು. ಆದರೂ ಹಾಡಿನ ವಿಡಿಯೋದಲ್ಲಿ ಬೀಟ್ ಮತ್ತು ಮುಖದ ಭಾವ ಬೇರೆ ಬೇರೆ ಜಾಗದಲ್ಲಿ ಕಟ್ ಕೇಳಿದಾಗ ನಾನು ಭಾವದ ಕಡೆಗೇ ನಿಲ್ಲುತ್ತೇನೆ.

ಪಾತ್ರವನ್ನು ಪರಿಚಯಿಸುವುದಕ್ಕೆ ಯಕ್ಷಗಾನದ ತೆರೆ ಕುಣಿತಕ್ಕಿಂತ ದೊಡ್ಡ ಶಾಲೆ ಬೇಕೇ? ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣ ಶೈಲಿಯ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ಕಾಣುವುದು ಕಿರೀಟದ ತುದಿ. ಆಮೇಲೆ ತೆರೆಯ ಅಂಚು ಹಿಡಿದ ಕೈ. ಚೆಂಡೆ ಏರುತ್ತದೆ, ತೆರೆ ತುಸು ಜಾರುತ್ತದೆ, ಕಣ್ಣು ಕಾಣಿಸಿ ಮತ್ತೆ ಮರೆಯಾಗುತ್ತದೆ. ಪೂರ್ತಿ ವೇಷ ಎದುರಾಗುವ ಹೊತ್ತಿಗೆ ಪ್ರೇಕ್ಷಕರು ಅದನ್ನು ಮನಸ್ಸಿನಲ್ಲಿ ಅರ್ಧ ಕಟ್ಟಿಕೊಂಡಿರುತ್ತಾರೆ. ಇದನ್ನು ಶಾಟ್‌ಗಳಾಗಿ ಒಡೆದು ಬರೆದುಕೊಳ್ಳಿ: ಯಾವ ಅಂಗ, ಎಷ್ಟು ಹೊತ್ತು, ಯಾವ ಸದ್ದಿಗೆ. ಆಮೇಲೆ ಅದೇ ಕ್ರಮವನ್ನು ನಿಮ್ಮ ಹಾಡಿನ ನೇಕಾರರಿಗೆ ಹಚ್ಚಿ. ಮೊದಲು ಹಾಸಿನ (ಮಗ್ಗದ ಮೇಲೆ ಉದ್ದಕ್ಕೆ ಬಿಗಿದ) ನೂಲುಗಳ ಸಂದಿಯಲ್ಲಿ ಬೆರಳು, ಆಮೇಲೆ ಲಾಳಿ ಹಿಡಿದ ಕೈ, ಆಮೇಲೆ ನೂಲಿನಾಚೆ ಒಂದು ಕಣ್ಣು. ಹಾಸೇ ನಿಮ್ಮ ತೆರೆ.

ಆರನೆಯ ಹೆಜ್ಜೆ: ಯಾರನ್ನು ತೋರಿಸುತ್ತಿದ್ದೀರಿ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಶರೀಫರ ಹಾಡಿನಲ್ಲಿ ಮೂವರು ಮನುಷ್ಯರು ಎದ್ದು ಕಾಣುತ್ತಾರೆ: ಆಡಲು ಬಂದ ಪಾತರದವಳು (ಕುಣಿಯುವವಳು), ನೆಲ್ಲು ಮೆಲ್ಲಲು ಬಂದ ಮುದುಕಿ, ಮಗ್ಗದಲ್ಲಿ ಕೂತ ಅಣ್ಣ. ಮೂವರಿಗೂ ನಮ್ಮ ಸಿನಿಮಾ, ಸೀರಿಯಲ್, ರೀಲ್ಸ್‌ಗಳು ಈಗಾಗಲೇ ಒಂದೊಂದು ಮುಖವಾಡ ಹೊಲಿದಿಟ್ಟಿವೆ. ಕುಣಿಯುವ ಹೆಣ್ಣು ಅಂದರೆ ಸೊಂಟ, ಕಾಲು, ಗೆಜ್ಜೆ. ಮುದುಕಿ ಅಂದರೆ ಸುಕ್ಕು ಮತ್ತು ಕಣ್ಣೀರು. ನೇಕಾರ ಅಂದರೆ ಹರಿದ ಬನಿಯನ್ನು ಮತ್ತು ಬಡತನ. ಉತ್ತರ ಕರ್ನಾಟಕದ ಮಾತು ಅಂದರೆ ನಗೆಹನಿ. ನೀವು ಯೋಚಿಸದೆ ಶೂಟ್ ಮಾಡಿದರೆ ಈ ಮುಖವಾಡಗಳೇ ಬಂದು ಕೂರುತ್ತವೆ, ಏಕೆಂದರೆ ಅವು ಸುಲಭವಾಗಿ ಕೈಗೆ ಸಿಗುತ್ತವೆ.

ಸಿನಿಮಾ ಚಿಂತಕಿ ಲಾರಾ ಮಲ್ವೀ 1975ರ ಪ್ರಬಂಧದಲ್ಲಿ ಸಿನಿಮಾ ಹೆಣ್ಣನ್ನು ನೋಡುವವಳಾಗಿ ಅಲ್ಲದೆ ನೋಡಿಸಿಕೊಳ್ಳುವವಳಾಗಿ ಕಟ್ಟುತ್ತದೆ ಎಂದು ತೋರಿಸಿಕೊಟ್ಟರು. ಟೈಮ್‌ಲೈನ್ ಮೇಲೆ ಇದನ್ನು ಪರೀಕ್ಷಿಸುವುದು ಸುಲಭ. ಕುಣಿಯುವವಳ ಶಾಟ್‌ಗಳನ್ನಷ್ಟೇ ಬೇರೆ ತೆಗೆದು ಒಟ್ಟಿಗೆ ಜೋಡಿಸಿ ನೋಡಿ. ಅದರಲ್ಲಿ ಅವಳ ಇಡೀ ದೇಹ ಎಷ್ಟು ಸೆಕೆಂಡು ಇದೆ, ತುಂಡು ತುಂಡಾದ ದೇಹ ಎಷ್ಟು ಸೆಕೆಂಡು ಇದೆ? ಅವಳು ಏನನ್ನಾದರೂ ನೋಡುತ್ತಿರುವ, ಅವಳು ನೋಡಿದ್ದು ನಮಗೂ ಕಾಣುವ ಒಂದು ಶಾಟ್ ಆದರೂ ಇದೆಯೇ? ತೆರೆ ಕುಣಿತವೂ ಅಂಗಗಳನ್ನೇ ತೋರಿಸುತ್ತದಲ್ಲ ಎಂದು ಕೇಳಬಹುದು. ಅಲ್ಲಿ ಅಂಗಗಳು ಸೇರಿ ಒಬ್ಬ ಪೂರ್ಣ ಪಾತ್ರವಾಗಿ ಎದ್ದು ನಿಲ್ಲುತ್ತವೆ, ಆ ಪಾತ್ರ ಸಭೆಯನ್ನೇ ದಿಟ್ಟಿಸುತ್ತದೆ. ಆ ಪೂರ್ಣತೆ ನಿಮ್ಮ ಕಟ್‌ನಲ್ಲೂ ಬರುತ್ತದೆಯೇ ಎಂಬುದೇ ಪ್ರಶ್ನೆ.

ಇನ್ನೊಂದು ಹಳೆಯ ಪ್ರಯೋಗವನ್ನು ಪ್ರತಿ ತಂಡವೂ ಸ್ವತಃ ಮಾಡಿ ನೋಡಬೇಕು. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಹೆಣ್ಣೊಬ್ಬಳ ಜೊತೆ ಜೋಡಿಸಿದರು. ಅದೇ ಮುಖದಲ್ಲಿ ನೋಡುಗರು ಹಸಿವನ್ನೂ, ದುಃಖವನ್ನೂ, ಆಸೆಯನ್ನೂ ಕಂಡರು. ಈಗ ನಿಮ್ಮ ನೇಕಾರರ ಮುಖದ ಒಂದೇ ಶಾಟ್ ತೆಗೆದುಕೊಳ್ಳಿ. ಅದರ ಮುಂದೆ ಖಾಲಿ ತಟ್ಟೆ ಇಟ್ಟರೆ ಬಡವ. ಸಾರಾಯಿ ಬಾಟಲಿ ಇಟ್ಟರೆ ಕುಡುಕ. ಆಗಷ್ಟೇ ಮುಗಿದ ಇಳಕಲ್ ಸೀರೆಯ ಸೆರಗು ಇಟ್ಟರೆ ಕುಶಲಿ. ಆ ಮನುಷ್ಯ ಏನೂ ಮಾಡಿಲ್ಲ, ಸುಮ್ಮನೆ ಕೂತಿದ್ದ. ಅವನನ್ನು ಮೂರು ಬೇರೆ ಮನುಷ್ಯರನ್ನಾಗಿ ಮಾಡಿದ್ದು ನೀವು. ಚಿತ್ರ ಲೋಕವನ್ನು ಇದ್ದ ಹಾಗೆ ತೋರಿಸುವುದಿಲ್ಲ, ಅರ್ಥವನ್ನು ಕಟ್ಟುತ್ತದೆ ಎಂದು ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಹೇಳಿದ್ದನ್ನು ನೂರು ಪುಟ ಓದಿ ತಿಳಿಯುವುದಕ್ಕಿಂತ ಹೀಗೆ ಹತ್ತು ನಿಮಿಷದಲ್ಲಿ ಕೈಯಾರೆ ತಿಳಿಯಬಹುದು.

ಮಾಡಬೇಕಾದ್ದು ಇಷ್ಟು. ಕ್ಯಾಮೆರಾ ಇಲ್ಲದೆ ಒಂದು ದಿನ ಮೊದಲೇ ಹೋಗಿ. ಗುಳೇದಗುಡ್ಡವೋ ಇಳಕಲ್ಲೋ ಗದಗ-ಬೆಟಗೇರಿಯೋ, ನಿಮಗೆ ಹತ್ತಿರದ ಮಗ್ಗದ ಮನೆಗೆ ಹೋಗಿ ಕೂರಿ. ‘ಅಣ್ಣಾರ, ನಿಮ್ಮ ಕೆಲಸದಾಗ ಯಾವುದು ಭಾಳ ಕಷ್ಟದ್ದು? ಯಾವುದು ನೋಡಿದ್ರ ನಿಮಗ ಖುಷಿ?’ ಎಂದು ಕೇಳಿ. ಅವರು ತೋರಿಸುವುದನ್ನು ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿ ಬೆರಳತುದಿಯಲ್ಲಿ ಹೊಸೆದು ಸೇರಿಸುವುದನ್ನು ತೋರಿಸಿದರೆ, ಆ ಶಾಟನ್ನು ಶುರುವಿನಿಂದ ಕೊನೆಯವರೆಗೆ ಕತ್ತರಿಸದೆ ಇಡಿ. ಕುಶಲ ಕೆಲಸದ ನಡುವೆ ಕಟ್ ಮಾಡಿದರೆ ಕುಶಲತೆ ಮಾಯವಾಗಿ ಬರೀ ಕೈ ಉಳಿಯುತ್ತದೆ.

ಮನೆಯ ಹೆಂಗಸರು ಕಂಡಿಕೆಗೆ (ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ) ನೂಲು ಸುತ್ತುತ್ತಿರುತ್ತಾರೆ, ಅವರನ್ನು ಹಿನ್ನೆಲೆಗೆ ತಳ್ಳಬೇಡಿ. ಅವರ ಕೆಲಸವಿಲ್ಲದೆ ಲಾಳಿಯೊಳಗೆ ನೂಲೇ ಇಲ್ಲ.

ಕೆಲವು ಜಾಗಗಳಲ್ಲಿ ಸ್ಫೂರ್ತಿ ಪಡೆಯುವ ಆಸೆಗೆ ಕಡಿವಾಣ ಬೇಕು. ತುಳುನಾಡಿನ ದೈವದ ವೇಷವನ್ನು ರೀಲ್ಸ್‌ಗಳಲ್ಲೂ ವೇದಿಕೆಗಳಲ್ಲೂ ಅನುಕರಿಸಿದಾಗ ಅಲ್ಲಿನ ಜನ ನೊಂದು ವಿರೋಧಿಸಿದ್ದಾರೆ. ಕೋಲ ಅವರಿಗೆ ಆರಾಧನೆ. ಅದರ ಬಣ್ಣ ಎಷ್ಟೇ ಸೆಳೆದರೂ ನಿಮ್ಮ ವಿಡಿಯೋದಲ್ಲಿ ಅದನ್ನು ವೇಷವಾಗಿ ಹಾಕಿಕೊಳ್ಳಬೇಡಿ. ಜೋಗತಿಯರ ಕುಣಿತವನ್ನು ಸೇರಿಸುವುದಾದರೆ ಅವರನ್ನು ಕಲಾವಿದರಾಗಿ ಕರೆಯಿರಿ. ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ನಾಡು ಇದು. ಎರಡು ಸೆಕೆಂಡಿನ ಬಣ್ಣಕ್ಕಾಗಿ ಅವರನ್ನು ಬಳಸಿ ಬಿಡುವುದು ತರವಲ್ಲ. ಉತ್ತರ ಕನ್ನಡದ ಸಿದ್ದಿ ಜನರ ಡಮಾಮಿ ಕುಣಿತಕ್ಕೂ ಇದೇ ಮಾತು.

ಏಳನೆಯ ಹೆಜ್ಜೆ: ‘ನುಂಗುವ’ ಕಟ್

ಈಗ ಆ ಕ್ರಿಯಾಪದಕ್ಕೆ ಬರೋಣ. ಲೆಕ್ಕ ಸ್ವಲ್ಪ ಬೇಕು, ಹೆದರುವಂಥದ್ದಲ್ಲ. ಒಂದು ಸೆಕೆಂಡಿನ ಫ್ರೇಮ್‌ಗಳನ್ನು 60ರಿಂದ ಗುಣಿಸಿ, ನಿಮಿಷಕ್ಕೆ ಬೀಳುವ ಬೀಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಫ್ರೇಮ್ ಎಂಬುದು ಸಿಗುತ್ತದೆ. 25 ಫ್ರೇಮ್‌ನ ವಿಡಿಯೋ, ನಿಮಿಷಕ್ಕೆ 100 ಬೀಟ್ ಇರುವ ಭಾಗ ಎಂದಿಟ್ಟುಕೊಳ್ಳಿ. ಒಂದು ಬೀಟ್‌ಗೆ 15 ಫ್ರೇಮ್, ನಾಲ್ಕು ಬೀಟ್‌ಗೆ 60 ಫ್ರೇಮ್.

ಪಾತರದವಳನ್ನು ಮದ್ದಲೆ ನುಂಗುವ ಸಾಲು ಬಂತು. ಮೊದಲ ನಾಲ್ಕು ಬೀಟ್‌ಗಳಲ್ಲಿ ಅವಳು 45 ಫ್ರೇಮ್, ಮದ್ದಲೆ 15. ಮುಂದಿನ ನಾಲ್ಕರಲ್ಲಿ ಇಬ್ಬರೂ ಮೂವತ್ತು ಮೂವತ್ತು. ಅದರ ಮುಂದಿನದರಲ್ಲಿ ಅವಳು 15, ಮದ್ದಲೆ 45. ಕೊನೆಯ ನಾಲ್ಕು ಬೀಟ್ ಪೂರ್ತಿ ಮದ್ದಲೆಯ ಮುಚ್ಚಿಗೆ, ಅಂದರೆ ಬಾರಿಸುವ ಚರ್ಮ, ಮಾತ್ರ. ಅವಳ ಗೆಜ್ಜೆಯ ಸದ್ದು ಕೇಳುತ್ತಿದೆ, ಅವಳು ಎಲ್ಲೂ ಕಾಣುತ್ತಿಲ್ಲ. ಯಾವ ಎಫೆಕ್ಟೂ ಬೇಕಿಲ್ಲ, ಒಂದು ಶಾಟ್ ಇನ್ನೊಂದರ ಕಾಲವನ್ನು ತಿಂದಿದೆ. ಕುಣಿಸುವ ವಾದ್ಯವೇ ಕುಣಿಯುವವಳನ್ನು ನುಂಗಿದ ಕಥೆ ನೋಡುಗರ ಕಣ್ಣಿಗೆ ತಾನಾಗಿ ತಲುಪುತ್ತದೆ, ಅವಳ ಬದುಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ.

ಮಗ್ಗದ ಸಾಲಿಗೆ ದಿಕ್ಕನ್ನು ಬಳಸಿ. ಲಾಳಿ ಎಡದಿಂದ ಬಲಕ್ಕೆ ಹೋಗುವಾಗ ಕಟ್, ಮುಂದಿನ ಶಾಟ್‌ನಲ್ಲಿ ಎಡದಿಂದ ಬಲಕ್ಕೇ ಚಲಿಸುವ ಬೇರೊಂದು ವಸ್ತು: ಬಸ್ಸು, ನೂಲಿನ ಗಾಡಿ, ಶಾಲೆಗೆ ಓಡುವ ಮಗು. ಲಾಳಿ ವಾಪಸ್ ಬಂದಾಗ ಬಲದಿಂದ ಎಡಕ್ಕೆ. ಊರೆಲ್ಲ ಮಗ್ಗದೊಳಗೆ ಸೇರಿಕೊಳ್ಳುತ್ತದೆ. ಗೋಡೆ ಸುಣ್ಣವನ್ನು ನುಂಗುವ ಸಾಲಿಗೆ ಮಾತ್ರ ಕಟ್ ಬೇಡ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಎದುರು ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಬಿಸಿಲಿಗೆ ಹಸಿ ಆರುವುದನ್ನು ಟೈಮ್‌ಲ್ಯಾಪ್ಸ್‌ನಲ್ಲಿ ಹಿಡಿಯಿರಿ. ಗೋಡೆ ನಿಜವಾಗಿಯೂ ನುಂಗುತ್ತದೆ.

ಶೂಟಿಂಗ್‌ಗೆ ಹೊರಡುವ ಮುನ್ನ

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಟ್ಯೂಬ್‌ಲೈಟಿನ ಕೆಳಗೆ ಶಟರ್ ವೇಗ 1/50 ಅಥವಾ 1/100 ಸೆಕೆಂಡು ಇಟ್ಟರೆ ಮಿನುಗು ಬರುವುದಿಲ್ಲ. ಫೋನಿನ ಕ್ಯಾಮೆರಾದಲ್ಲಿ ಈ ಹಿಡಿತ ಸಿಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ. ಫೋನುಗಳು ಫ್ರೇಮ್ ರೇಟನ್ನು ಒಳಗೊಳಗೇ ಏರಿಳಿಸುವುದರಿಂದ ಎಡಿಟಿಂಗ್‌ನಲ್ಲಿ ತುಟಿ ಮತ್ತು ಹಾಡು ನಿಧಾನಕ್ಕೆ ತಪ್ಪುತ್ತ ಹೋಗಬಹುದು. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಸ್ಥಿರ ಮಾಡಿಕೊಂಡು ಆಮೇಲೆ ಟೈಮ್‌ಲೈನಿಗೆ ತನ್ನಿ. ಗಾಯಕರ ತುಟಿ ಹಾಡಿಗೆ ಸರಿಹೊಂದುತ್ತ, ಅವರ ಸುತ್ತಲಿನ ಲೋಕ ಮಾತ್ರ ತೇಲುವಂತೆ ಕಾಣಬೇಕೇ? ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ಅದಕ್ಕೆ ಸರಿಯಾಗಿ ಹಾಡಿಸಿ, 50 ಫ್ರೇಮ್‌ನಲ್ಲಿ ಚಿತ್ರಿಸಿ, 25ಕ್ಕೆ ಇಳಿಸಿ. ವಯಸ್ಸಾದ ಮೇಳದವರಿಗೆ ಈ ವೇಗ ಕಷ್ಟ, ಅವರಿಂದ ಮಾಡಿಸಬೇಡಿ.

ಕೊನೆಯ ಹೆಜ್ಜೆ: ರಫ್ ಕಟ್ ಮತ್ತು ಟಿಪ್ಪಣಿ ಪುಸ್ತಕ

ರಫ್ ಕಟ್ (ಇಡೀ ವಿಡಿಯೋದ ಮೊದಲ ಕಚ್ಚಾ ಜೋಡಣೆ) ಆದ ಮೇಲೆ ಸದ್ದು ತೆಗೆದು ನೋಡುತ್ತ ಒಂದು ಹಾಳೆಯಲ್ಲಿ ಬರೆಯಿರಿ: ಪ್ರತಿಯೊಬ್ಬರೂ ಒಟ್ಟು ಎಷ್ಟು ಸೆಕೆಂಡು ಇದ್ದಾರೆ, ಅದರಲ್ಲಿ ಕೆಲಸ ಮಾಡುತ್ತ ಎಷ್ಟು, ಸುಮ್ಮನೆ ನೋಡಿಸಿಕೊಳ್ಳುತ್ತ ಎಷ್ಟು, ಕ್ಯಾಮೆರಾ ಕಣ್ಣಿಗೆ ಕಣ್ಣಿಟ್ಟು ಎಷ್ಟು. ತಂಡದ ಗೆಳೆಯರು ನಟಿಸಿದ ಪಾತ್ರಗಳಿಗೆ ಬಹುಪಾಲು ಹೊತ್ತು ಸಿಕ್ಕಿ, ನೂಲು ಸುತ್ತಿದ ಅಮ್ಮನಿಗೆ ಒಂದೂವರೆ ಸೆಕೆಂಡು ಸಿಕ್ಕಿದ್ದರೆ ಅದು ಅಂಕಿಗಳಲ್ಲೇ ಕಾಣುತ್ತದೆ. ಸರಿಪಡಿಸಲು ಇನ್ನೂ ಸಮಯವಿದೆ.

ಆಮೇಲೆ ಅದೇ ರಫ್ ಕಟ್ಟನ್ನು ವಿಡಿಯೋದಲ್ಲಿ ಇರುವವರಿಗೆ ತೋರಿಸಿ. ಅವರು ‘ಇದು ಬ್ಯಾಡ’ ಅಂದ ಶಾಟನ್ನು ತೆಗೆಯಿರಿ, ಎಷ್ಟೇ ಸುಂದರವಾಗಿದ್ದರೂ. ಮಕ್ಕಳಿದ್ದರೆ ಅವರ ತಂದೆ ತಾಯಿಯ ಒಪ್ಪಿಗೆ ಬರಹದಲ್ಲಿ ಇರಬೇಕು.

ಮೌಲ್ಯಮಾಪನಕ್ಕೆ ಕೊಡುವ ಟಿಪ್ಪಣಿ ಪುಸ್ತಕವನ್ನು ಕೊನೆಯ ರಾತ್ರಿ ಕೂತು ಬರೆಯಬೇಡಿ, ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಪ್ರತಿ ಸ್ಫೂರ್ತಿಗೂ ಮೂರು ವಿಷಯ ಸಾಕು: ಎಲ್ಲಿ ಕಂಡಿರಿ, ಅದರಿಂದ ಯಾವ ತತ್ವ ತೆಗೆದಿರಿ, ನಿಮ್ಮ ವಿಡಿಯೋದ ಎಷ್ಟನೇ ಸೆಕೆಂಡಿನಲ್ಲಿ ಅದು ಏನಾಯಿತು. ಸದ್ದಿನ ಹಾಳೆ, ಬಿಟ್ಟುಬಿಟ್ಟ ಕಟ್‌ಗಳ ಸ್ಕ್ರೀನ್‌ಶಾಟ್, ಸೆಕೆಂಡುಗಳ ಲೆಕ್ಕದ ಹಾಳೆ ಎಲ್ಲವನ್ನೂ ಅಂಟಿಸಿ.

ಕೊನೆಯ ಹೆಸರುಪಟ್ಟಿಯಲ್ಲಿ ‘ಊರಿನ ಗ್ರಾಮಸ್ಥರು’ ಎಂದು ಒಂದೇ ಸಾಲಿನಲ್ಲಿ ಮುಗಿಸದೆ ಒಬ್ಬೊಬ್ಬರ ಹೆಸರನ್ನೂ ಅವರು ಮಾಡುವ ಕೆಲಸದ ಜೊತೆ ಹಾಕಿ. ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ, ಅಕ್ಷರ ಓದಿ ಹೇಳಿ ಸರಿ ಅನ್ನಿಸಿಕೊಳ್ಳಿ. ಕಾಲೇಜಿಗೆ ಸಲ್ಲಿಸುವ ದಿನವೇ ಒಂದು ಪೆನ್‌ಡ್ರೈವ್ ಮೇಳದವರಿಗೆ, ಒಂದು ಮಗ್ಗದ ಮನೆಗೆ ತಲುಪಿಸಿ.